ರೌಂಡ್ ದಿ ಐಲ್ಯಾಂಡ್ ರೇಸ್: ಲಂಗರು ಹಾಕಿ ಕೂತ ಮಧ್ಯಾಹ್ನ

ಇಂಗ್ಲೆಂಡಿನ ಹಾಯಿದೋಣಿ ಸ್ಪರ್ಧೆಯಾದ ರೌಂಡ್ ದಿ ಐಲ್ಯಾಂಡ್ ರೇಸ್‌ನಲ್ಲಿ ಐಲ್ ಆಫ್ ವೈಟ್ ದ್ವೀಪ ಸುತ್ತಿದವರು ಯಾರಾದರೂ ಇದ್ದೀರಾ, ಆ ದಿನ ಹೇಗಿರುತ್ತದೆ, ಜಾಸ್ತಿ ಅನುಭವ ಇಲ್ಲದವರು ಹೋಗಬಹುದಾ ಎಂದು ಕೇಳಿದ್ದೀರಿ. ನಾನು ಮೂರು ಸಲ ಹೋಗಿದ್ದೇನೆ. ಮೂರೂ ಸಲ ಬೇರೆಯವರ ದೋಣಿ, ನನ್ನದು ಹಗ್ಗ ಮತ್ತು ವಿಂಚ್ (ಹಾಯಿಯ ಹಗ್ಗ ಸುತ್ತಿ ಬಿಗಿಯುವ ರಾಟೆ) ಕೆಲಸ. ಮೊದಲ ಸಲದ್ದನ್ನು ಮಾತ್ರ ಹೇಳುತ್ತೇನೆ. ಆವತ್ತು ನಾವು ರೇಸ್ ನಡುವೆ ಲಂಗರು ಹಾಕಿ ಒಂದು ಗಂಟೆಗೂ ಹೆಚ್ಚು ಹೊತ್ತು ಸುಮ್ನೆ ಕೂತಿದ್ದೆವು. ಈ ರೇಸ್ ಅಂದರೆ ಏನು ಅಂತ ನನಗೆ ಗೊತ್ತಾದದ್ದು ಆ ಹೊತ್ತಿನಲ್ಲೇ.

ಮೊದಲು ಸ್ವಲ್ಪ ಹಿನ್ನೆಲೆ. ಇದು ಶುರುವಾದದ್ದು 1931ರಲ್ಲಿ, 25 ದೋಣಿಗಳೊಂದಿಗೆ. ದೊಡ್ಡ ದೋಣಿಗಳ ಸಾಹುಕಾರರಿಗೆ ಮಾತ್ರ ಅಲ್ಲ, ಚಿಕ್ಕ ದೋಣಿ ಇಟ್ಟುಕೊಂಡವರಿಗೂ ಒಂದು ಒಳ್ಳೆಯ ರೇಸ್ ಇರಲಿ ಎಂದು ಮೇಜರ್ ಸಿರಿಲ್ ವಿಂಡೆಲರ್ ಯೋಚಿಸಿದರು, ಬಹುಮಾನಕ್ಕೆ ಚಿನ್ನದ ರೋಮನ್ ಬಟ್ಟಲನ್ನೂ ಮಾಡಿಸಿದರು. ಆ ವರ್ಷ ಅದನ್ನು ಗೆದ್ದದ್ದು ಪೀಟರ್ ಬ್ರೆಟ್ ಅವರ 22 ಅಡಿಯ 'ಮೆರಿ ಕನ್ಸೀಟ್', ಕಾರ್ನ್‌ವಾಲ್ ಕಡೆಯ ಒಂದು ಮೀನುಗಾರಿಕೆ ದೋಣಿ! ಈಗಲೂ ರೇಸ್ ನಡೆಸುವುದು ದ್ವೀಪದ ಉತ್ತರ ದಡದ ಕೌಸ್ ಊರಿನ ಐಲ್ಯಾಂಡ್ ಸೇಲಿಂಗ್ ಕ್ಲಬ್. ಈಗ ಸಾವಿರದ ಆಸುಪಾಸು ದೋಣಿ ಬರುತ್ತವೆ. ಪ್ರತಿ ದೋಣಿಗೂ ಅದರ ಅಳತೆ ನೋಡಿ ಒಂದು ಹ್ಯಾಂಡಿಕ್ಯಾಪ್ ಕೊಡುತ್ತಾರೆ, ಅಂದರೆ ಅದು ತೆಗೆದುಕೊಂಡ ಸಮಯವನ್ನು ಹೆಚ್ಚುಕಡಿಮೆ ಮಾಡಿ ಲೆಕ್ಕ ಹಾಕುತ್ತಾರೆ, ಹಾಗಾಗಿ ಮೊದಲು ಮುಟ್ಟಿದವರೇ ಗೆದ್ದರು ಎಂದಲ್ಲ. ಪ್ರಧಾನಿಯಾಗಿದ್ದ ಎಡ್ವರ್ಡ್ ಹೀತ್ ನಾಲ್ಕು ಸಲ ಗೆದ್ದಿದ್ದಾರೆ. ಬೆನ್ ಐನ್ಸ್ಲಿ, ಎಲೆನ್ ಮ್ಯಾಕ್‌ಆರ್ಥರ್ ಅಂಥ ಹೆಸರಾಂತ ಹಾಯಿದೋಣಿ ಪಟುಗಳು ಓಡಿಸಿದ ನೀರಿನಲ್ಲೇ, ಅದೇ ಗೆರೆಯಿಂದಲೇ, ನಾವೂ ಹೊರಡುತ್ತೇವೆ. ಇಂಥ ಅವಕಾಶ ಬೇರೆ ಯಾವ ಆಟದಲ್ಲಿ ಸಿಗುತ್ತದೆ ಹೇಳಿ?

ಒಟ್ಟು ದೂರ ಸುಮಾರು 50 ನಾಟಿಕಲ್ ಮೈಲಿ, ಅಂದರೆ ಸುಮಾರು 93 ಕಿ.ಮೀ. ಕೌಸ್‌ನಿಂದ ಪಶ್ಚಿಮಕ್ಕೆ ಹೊರಟು, ದ್ವೀಪವನ್ನು ಎಡಗಡೆ ಇಟ್ಟುಕೊಂಡು ಸುತ್ತಿ, ಮತ್ತೆ ಕೌಸ್‌ಗೆ. 2017ರಲ್ಲಿ 'ಕನ್ಸೈಸ್ 10' ಎಂಬ ಮೂರು ಒಡಲಿನ ದೋಣಿ ಇದನ್ನು 2 ಗಂಟೆ 22 ನಿಮಿಷದಲ್ಲಿ ಮುಗಿಸಿತು. ನಮಗೆ ಹಿಡಿದದ್ದು ಹನ್ನೆರಡೂವರೆ ಗಂಟೆ.

ನಾನು ಹೋದದ್ದು ಕಾಂಟೆಸ್ಸಾ 32 ಎಂಬ ಮಾದರಿಯ ದೋಣಿಯಲ್ಲಿ. 32 ಅಡಿ ಉದ್ದ, ಸಪೂರ ಮೈ, ಎಪ್ಪತ್ತರ ದಶಕದ ವಿನ್ಯಾಸ. 1979ರಲ್ಲಿ ಫಾಸ್ಟ್‌ನೆಟ್ ಎಂಬ ದೂರದ ಸಮುದ್ರ ರೇಸ್‌ನ ಬಿರುಗಾಳಿಯಲ್ಲಿ ಅತಿ ಚಿಕ್ಕ ದೋಣಿಗಳ ವರ್ಗದಲ್ಲಿ ರೇಸ್ ಮುಗಿಸಿದ್ದು ಒಂದೇ ಒಂದು ದೋಣಿ, ಅದು ಈ ಮಾದರಿಯದು. ಒಳಗೆ ಜಾಗ ಕಮ್ಮಿ, ವೇಗವೂ ಈಗಿನವುಗಳಷ್ಟಿಲ್ಲ, ಆದರೆ ಎಂಥ ಅಲೆಗೂ ಜಗ್ಗುವುದಿಲ್ಲ. ನಾವು ಐದು ಜನ. ಸ್ಕಿಪ್ಪರ್, ಅಂದರೆ ದೋಣಿಯ ನಾಯಕ, ಅರವತ್ತು ದಾಟಿದವರು, ಮಾತು ಕಡಿಮೆ.

ಬೆಳಗಿನ ಜಾವ ನಾಲ್ಕಕ್ಕೆ ಎದ್ದೆವು. ಈ ರೇಸ್ ಹೊರಡುವ ಹೊತ್ತನ್ನು ಗಡಿಯಾರ ನೋಡಿ ಇಡುವುದಿಲ್ಲ, ಸಮುದ್ರ ನೋಡಿ ಇಡುತ್ತಾರೆ. ದ್ವೀಪಕ್ಕೂ ಇಂಗ್ಲೆಂಡಿನ ನೆಲಕ್ಕೂ ನಡುವೆ ಇರುವ ಸೊಲೆಂಟ್ ಜಲಸಂಧಿಯಲ್ಲಿ ನೀರು ಕೆಲವು ಗಂಟೆ ಪಶ್ಚಿಮಕ್ಕೆ ಹರಿಯುತ್ತದೆ, ಆಮೇಲೆ ತಿರುಗಿ ಪೂರ್ವಕ್ಕೆ. ಪಶ್ಚಿಮದ ಸೆಳೆತ ಜೋರಾಗಿರುವ ಹೊತ್ತಿಗೆ ಸರಿಯಾಗಿ ದೋಣಿಗಳನ್ನು ಬಿಡುತ್ತಾರೆ. ಹಾಗಾಗಿ ಒಂದು ವರ್ಷ ಐದಕ್ಕೇ ಶುರುವಾದರೆ ಇನ್ನೊಂದು ವರ್ಷ ಎಂಟಾಗಬಹುದು. ನಮ್ಮ ಗುಂಪಿನ ಸರದಿ 6.10ಕ್ಕೆ ಇತ್ತು.

ರೇಸ್ ಹೊರಡುವ ಗೆರೆಯ ಹತ್ತಿರ ನಾನು ನೋಡಿದ ದೃಶ್ಯವನ್ನು ಹೇಗೆ ಹೇಳಲಿ? ನೀರಿನ ಮೇಲೆ ಜಾತ್ರೆ ಸೇರಿದ ಹಾಗೆ. ಎತ್ತ ನೋಡಿದರೂ ಬಿಳಿ ಹಾಯಿ, ಅದರ ಹಿಂದೆ ಹಾಯಿ, ಅದರ ಹಿಂದೆ ಮತ್ತೆ ಹಾಯಿ, ನಡುವೆ ಸೂರ್ಯ ಇಣುಕಿದಾಗ ಕಣ್ಣು ಬಿಡಲಾಗದಷ್ಟು ಹೊಳಪು. ಕೌಸ್‌ನಲ್ಲಿರುವ ರಾಯಲ್ ಯಾಟ್ ಸ್ಕ್ವಾಡ್ರನ್ ಎಂಬ ಹಾಯಿದೋಣಿ ಕ್ಲಬ್ಬಿನ ಕಟ್ಟಡದ ಮುಂದಿನ ಪುಟ್ಟ ಹಿತ್ತಾಳೆ ಫಿರಂಗಿಗಳು ಹತ್ತು ಹತ್ತು ನಿಮಿಷಕ್ಕೆ ಸಿಡಿಯುತ್ತವೆ, ಪ್ರತಿ ಸಿಡಿತಕ್ಕೂ ಒಂದು ಗುಂಪು ಹೊರಡುತ್ತದೆ. ಸದ್ದು ಎದೆಗೇ ಬಂದು ತಾಗುತ್ತದೆ. ಸೆಳೆತ ಹಿಂದಿನಿಂದ ತಳ್ಳುತ್ತಿರುವುದರಿಂದ ನಮ್ಮ ದೋಣಿ ಗೆರೆ ದಾಟಿ ಮೊದಲೇ ಜಾರಿಬಿಡುತ್ತದೇನೋ ಎಂಬ ಹೆದರಿಕೆ. ಸ್ಕಿಪ್ಪರ್ ಮಾತ್ರ ಚುಕ್ಕಾಣಿ ಹಿಡಿದು ನೀರನ್ನೇ ನೋಡುತ್ತಿದ್ದರು.

ಗಾಳಿ ನೈಋತ್ಯದಿಂದ ಬರುತ್ತಿತ್ತು, ಅಂದರೆ ಹೆಚ್ಚುಕಡಿಮೆ ಮುಖಕ್ಕೇ. ಗಾಳಿಗೆ ಎದುರಾಗಿ ನೇರ ಹೋಗಲು ಆಗದು, ಆ ಕಡೆ ಈ ಕಡೆ ಓರೆಯಾಗಿ ಟ್ಯಾಕ್ ಮಾಡುತ್ತಾ ಹೋಗಬೇಕು. ನೂರಾರು ದೋಣಿಗಳು ಒಟ್ಟಿಗೆ ಹೀಗೆ ಮಾಡಿದರೆ ಹೇಗಿರುತ್ತದೆ ಅಂತ ಊಹಿಸಿ. ಬಲಗಡೆಯಿಂದ ಗಾಳಿ ಪಡೆಯುತ್ತಿರುವ ದೋಣಿಗೆ ದಾರಿ ಬಿಡಬೇಕು ಎಂಬುದು ನಿಯಮ. ಅದಕ್ಕೇ ಎಲ್ಲ ಕಡೆಯಿಂದ 'ಸ್ಟಾರ್‌ಬೋರ್ಡ್! ಸ್ಟಾರ್‌ಬೋರ್ಡ್!' (ಬಲಗಡೆ) ಎಂದು ಕೂಗು. ಎರಡು ಗಂಟೆ ಕಾಲ ನಾನು ಬೇರೆ ಏನನ್ನೂ ಯೋಚಿಸಿಲ್ಲ. ವಿಂಚ್ ತಿರುಗಿಸು, ಹಗ್ಗ ಬಿಡು, ತಲೆ ಬಗ್ಗಿಸು, ಇನ್ನೊಂದು ಪಕ್ಕಕ್ಕೆ ಓಡು. ಒಂದು ನೀಲಿ ದೋಣಿ ನಮ್ಮ ಮೂತಿಯ ಮುಂದೆ ಕೂದಲೆಳೆ ಅಂತರದಲ್ಲಿ ದಾಟಿತು. ಅದರಲ್ಲಿದ್ದ ಹುಡುಗಿ ನನ್ನ ಕಡೆ ನೋಡಿ ಕೈ ಬೀಸಿದಳು.

ಹರ್ಸ್ಟ್ ಕೋಟೆ ಇರುವಲ್ಲಿ ಜಲಸಂಧಿ ಕಿರಿದಾಗುತ್ತದೆ, ಅಷ್ಟೂ ನೀರು ಅಲ್ಲೇ ನುಗ್ಗಬೇಕು. ನೀರು ಒಂದು ಕಡೆ, ಗಾಳಿ ಅದಕ್ಕೆ ಎದುರು. ಹೀಗಾದಾಗ ಅಲೆಗಳು ಉದ್ದವಾಗಿ ಬರುವುದಿಲ್ಲ, ಗಿಡ್ಡವಾಗಿ ಕಡಿದಾಗಿ ಒಂದರ ಮೇಲೊಂದು ಬರುತ್ತವೆ. ದೋಣಿಯ ಮೂತಿ ಧಡ್ ಧಡ್ ಎಂದು ಬೀಳುತ್ತದೆ, ಉಪ್ಪುನೀರು ಕೊರಳೊಳಗೆ ಇಳಿಯುತ್ತದೆ. ಅಲ್ಲಿ ನನಗೆ ಹೊಟ್ಟೆ ತೊಳಸಿತು. ದೂರದ ದಡ ನೋಡು, ದೋಣಿಯೊಳಗೆ ನೋಡಬೇಡ ಎಂದರು ಸ್ಕಿಪ್ಪರ್. ಅದು ನಿಜಕ್ಕೂ ಕೆಲಸ ಮಾಡುತ್ತದೆ.

8.30ರ ಸುಮಾರಿಗೆ ನೀಡಲ್ಸ್. ಸಮುದ್ರದಿಂದ ಎದ್ದ ಸುಣ್ಣಕಲ್ಲಿನ ಮೂರು ಬಿಳಿ ಬಂಡೆಗಳು, ತುದಿಯಲ್ಲಿ 1859ರ ಲೈಟ್‌ಹೌಸ್. ನಾಲ್ಕನೆಯದೊಂದು ಇತ್ತು, ಸೂಜಿಯ ಹಾಗೆ ಚೂಪಾದದ್ದು, ಅದು 1764ರ ಬಿರುಗಾಳಿಯಲ್ಲಿ ಬಿದ್ದುಹೋಯಿತು. ಹೆಸರು ಮಾತ್ರ ಉಳಿದಿದೆ. ಲೈಟ್‌ಹೌಸ್‌ನಿಂದ ಸ್ವಲ್ಪವೇ ಆಚೆ, ನೀರಿನ ಕೆಳಗೆ 'ವರ್ವಾಸಿ' ಎಂಬ ಗ್ರೀಕ್ ಹಡಗಿನ ಅವಶೇಷ ಇದೆ. 1947ರ ಜನವರಿಯಲ್ಲಿ ವೈನ್, ಕಿತ್ತಳೆ ಜಾತಿಯ ಹಣ್ಣು ಹೊತ್ತು ಬರುತ್ತಿದ್ದಾಗ ಬಂಡೆಗೆ ಬಡಿದದ್ದು. ಈ ಅವಶೇಷಕ್ಕೂ ಲೈಟ್‌ಹೌಸ್‌ಗೂ ನಡುವೆ ಒಂದು ಇಕ್ಕಟ್ಟಾದ ಸಂದು ಇದೆ. ಅದರಲ್ಲಿ ನುಗ್ಗಿದರೆ ಕೆಲವು ನಿಮಿಷ ಉಳಿಯುತ್ತದೆ, ಲೆಕ್ಕ ತಪ್ಪಿದರೆ ದೋಣಿಯ ತಳ ಹೋಗುತ್ತದೆ. ನಮ್ಮ ಮುಂದೆಯೇ ಹತ್ತಾರು ದೋಣಿ ಒಳಗಿಂದ ಹೋದವು. ಸ್ಕಿಪ್ಪರ್ ಹೊರಗಿನಿಂದ ಸುತ್ತಿದರು. ನಮಗೆ ಬೇಜಾರಾಯಿತು, ನಿಜ, ಆದರೆ ದೋಣಿ ಅವರದು, ನಮ್ಮ ಐದು ಜನರ ಜವಾಬ್ದಾರಿಯೂ ಅವರದೇ. ಇವತ್ತು ಕೇಳಿದರೆ ಅವರು ಮಾಡಿದ್ದೇ ಸರಿ ಎನ್ನುತ್ತೇನೆ.

ಅಲ್ಲಿಂದ ದ್ವೀಪದ ಬೆನ್ನು. ಒಮ್ಮೆಲೇ ಸಮುದ್ರ ಅಗಲವಾಯಿತು, ಗಾಳಿ ಪಕ್ಕದಿಂದ ಬರತೊಡಗಿತು, ಉಸಿರು ಬಿಡಲು ಸಮಯ ಸಿಕ್ಕಿತು. ದ್ವೀಪದ ದಕ್ಷಿಣ ತುದಿಯಾದ ಸೇಂಟ್ ಕ್ಯಾಥರಿನ್ಸ್ ಪಾಯಿಂಟ್ ದಾಟಿದ ಮೇಲೆ ಗಾಳಿ ಬೆನ್ನಿಗೆ ಬಂತು, ಸ್ಪಿನಾಕರ್ ಏರಿಸಿದೆವು. ಇದು ದೋಣಿಯ ಮುಂದೆ ಉಬ್ಬಿ ನಿಲ್ಲುವ ದೊಡ್ಡ ಬಣ್ಣದ ಹಾಯಿ. ಏರಿಸುವಾಗ ಹಗ್ಗ ನನ್ನ ಕೈಯಲ್ಲಿತ್ತು, ನಾನು ತಡವಾಗಿ ಎಳೆದೆ, ಹಾಯಿ ತಿರುಚಿ ಮರಳುಗಡಿಯಾರದ ಆಕಾರ ಆಯಿತು. ಬಿಡಿಸಲು ಹತ್ತು ನಿಮಿಷ ಬೇಕಾಯಿತು, ಯಾರೂ ನನ್ನ ಮೇಲೆ ರೇಗಲಿಲ್ಲ. ಬಿಡಿಸಿಕೊಂಡು ಅದು ಪಟ್ ಎಂದು ತೆರೆದಾಗ ತಿರುಗಿ ನೋಡಿದೆ. ಹಿಂದೆ ದಿಗಂತದವರೆಗೆ ಕೆಂಪು, ಹಳದಿ, ನೀಲಿ, ಹಸಿರು, ಎಣಿಸಲಾಗದಷ್ಟು ಸ್ಪಿನಾಕರ್‌ಗಳು ನಮ್ಮ ಕಡೆಗೇ ಬರುತ್ತಿದ್ದವು. ಫೋಟೋ ತೆಗೆಯಲಿಲ್ಲ, ಕೈಯಲ್ಲಿ ಹಗ್ಗ ಇತ್ತು.

ದ್ವೀಪದ ಪೂರ್ವ ತುದಿಯ ಬೆಂಬ್ರಿಜ್ ಲೆಡ್ಜ್ ಎಂಬ ತೇಲುಗುರುತನ್ನು 12.45ಕ್ಕೆ ಸುತ್ತಿದೆವು. ಇನ್ನು ಹತ್ತು ಹನ್ನೆರಡು ಮೈಲಿ, ಸಂಜೆ ನಾಲ್ಕಕ್ಕೆಲ್ಲ ದಡ ಸೇರುತ್ತೇವೆ ಅಂತ ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದ್ದೆ. ಆದರೆ ಅಷ್ಟು ಹೊತ್ತಿಗೆ ಸೊಲೆಂಟ್‌ನ ನೀರು ತಿರುಗಿ ಪೂರ್ವಕ್ಕೆ ಹರಿಯುತ್ತಿತ್ತು, ನಮಗೆ ಎದುರಾಗಿ. ಗಾಳಿಯೂ ಸಾಯತೊಡಗಿತು. ಇಂಥ ಹೊತ್ತಿನಲ್ಲಿ ಇರುವುದು ಒಂದೇ ಉಪಾಯ: ಆಳದಲ್ಲಿ ಸೆಳೆತ ಜೋರು, ದಡದ ಹತ್ತಿರ ಕಮ್ಮಿ. ಅದಕ್ಕೇ ಎಲ್ಲರೂ ರೈಡ್ ಊರಿನ ಮುಂದಿನ ಮರಳುದಿಬ್ಬದ ಅಂಚಿಗೆ ಅಂಟಿಕೊಂಡು ಹೋಗುತ್ತಾರೆ. ನಮ್ಮ ದೋಣಿಯ ಕೀಲ್‌ಗೆ (ತಳದಿಂದ ಕೆಳಕ್ಕೆ ಚಾಚಿದ ಭಾರದ ಭಾಗ) ಐದೂವರೆ ಅಡಿ ನೀರು ಬೇಕು, ಅಂದರೆ ಸುಮಾರು 1.7 ಮೀಟರ್. ನಾನು ಆಳ ತೋರಿಸುವ ಮೀಟರ್ ನೋಡಿ ಕೂಗುತ್ತಿದ್ದೆ. 2.4. 2.1. 2.0. 1.9. ಅಷ್ಟರಲ್ಲಿ ಕಾಲಡಿಯಲ್ಲಿ ಮೆತ್ತಗೆ ಏನೋ ತಡೆದಂತಾಗಿ ದೋಣಿ ನಿಂತಿತು. ನನ್ನ ಎದೆ ಧಸಕ್ ಎಂದಿತು.

ಸ್ಕಿಪ್ಪರ್ ಗಾಬರಿಯಾಗಲಿಲ್ಲ. ನೀರು ಏರುತ್ತಿದೆ, ಇಳಿಯುತ್ತಿಲ್ಲ, ಅದೇ ನಮ್ಮ ಪುಣ್ಯ ಎಂದರು. ಎಲ್ಲರೂ ಒಂದೇ ಪಕ್ಕಕ್ಕೆ ಹೋಗಿ ಕಟಕಟೆಗೆ ಆತು ಹೊರಗೆ ಬಾಗಿದೆವು. ದೋಣಿ ವಾಲಿದರೆ ಕೀಲ್ ಸ್ವಲ್ಪ ಮೇಲೇಳುತ್ತದೆ. ಮೂರು ನಾಲ್ಕು ನಿಮಿಷ ಹಾಗೇ ಇದ್ದೆವು. ಆಮೇಲೆ ಒಂದು ಸಣ್ಣ ಅಲೆ ಎತ್ತಿಕೊಂಡಿತು, ದೋಣಿ ಜಾರಿತು. ಎಂಜಿನ್ ಹಾಕಿದ್ದರೆ ಒಂದೇ ಕ್ಷಣದ ಕೆಲಸ, ಆದರೆ ರೇಸ್‌ನಲ್ಲಿ ಎಂಜಿನ್ ಬಲದಿಂದ ಮುಂದೆ ಹೋಗುವ ಹಾಗಿಲ್ಲ.

ಮೂರು ಗಂಟೆಗೆ ಗಾಳಿ ಪೂರ್ತಿ ನಿಂತಂತೆಯೇ ಆಯಿತು. ಆಗ ಸ್ಕಿಪ್ಪರ್ ಲಂಗರು ಹಾಕಿ ಎಂದರು. ರೇಸ್ ನಡುವೆ ಲಂಗರಾ? ನಿಯಮದಲ್ಲಿ ಅದಕ್ಕೆ ಅವಕಾಶ ಇದೆ, ಸೆಳೆತ ನಿಮ್ಮನ್ನು ಹಿಂದಕ್ಕೆ ಒಯ್ಯುತ್ತಿದ್ದರೆ ನೆಲ ಹಿಡಿದು ನಿಲ್ಲಬಹುದು, ಹೊರಡುವಾಗ ಲಂಗರನ್ನು ಎತ್ತಿಕೊಂಡು ಹೋಗಬೇಕು ಅಷ್ಟೇ. ಹಗ್ಗ ಬಿಗಿಯಾಯಿತು. ಆಗ ನೋಡಿದೆ, ನಮ್ಮಿಂದಾಚೆ ಆಳದ ನೀರಿನಲ್ಲಿದ್ದ ದೋಣಿಗಳು ಒಂದೊಂದಾಗಿ ಹಿಂದಕ್ಕೆ ಹೋಗುತ್ತಿದ್ದವು. ಅವುಗಳ ಹಾಯಿಯಲ್ಲಿ ಚೂರು ಗಾಳಿ ಇತ್ತು, ಮೂತಿಯ ಹತ್ತಿರ ನೀರು ಸೀಳುತ್ತಿತ್ತು, ಅಲ್ಲಿದ್ದವರಿಗೆ ಮುಂದೆ ಹೋಗುತ್ತಿದ್ದೇವೆ ಅಂತಲೇ ಅನ್ನಿಸಿರಬೇಕು. ಆದರೆ ದಡದ ಚರ್ಚಿನ ಶಿಖರಕ್ಕೆ ಗುರಿಯಿಟ್ಟು ನೋಡಿದರೆ ಹಿಂದಕ್ಕೆ, ನಿಧಾನವಾಗಿ ಹಿಂದಕ್ಕೆ. ಒಂದು ಇಂಚೂ ಚಲಿಸದ ನಾವು ಅವರನ್ನು ಹಿಂದೆ ಹಾಕುತ್ತಿದ್ದೆವು.

ಸುತ್ತ ಮೂವತ್ತು ನಲವತ್ತು ದೋಣಿ ಹೀಗೇ ಲಂಗರು ಹಾಕಿ ನಿಂತಿದ್ದವು. ಯಾರೋ ಪಕ್ಕದ ದೋಣಿಯಿಂದ ಬಿಸ್ಕತ್ತಿನ ಪೊಟ್ಟಣ ಎಸೆದರು, ನಾವು ಫ್ಲಾಸ್ಕಿನ ಚಹಾ ಹಂಚಿಕೊಂಡೆವು. ಒಂದು ದೋಣಿಯಲ್ಲಿ ಅಪ್ಪ, ಅಮ್ಮ, ಇಬ್ಬರು ಮಕ್ಕಳು, ಚಿಕ್ಕವನು ನಿದ್ದೆ ಹೋಗಿದ್ದ. ಇನ್ನೊಂದರಲ್ಲಿ ಹಾಯಿ ತುಂಬ ಜಾಹೀರಾತು ಇದ್ದ, ಒಂದೇ ಥರದ ಜಾಕೆಟ್ ಹಾಕಿದ ಹನ್ನೆರಡು ಜನ. ನಮ್ಮ ಹಾಗೇ ಅವರೂ ಕಾಯುತ್ತಿದ್ದರು. ಸ್ಕಿಪ್ಪರ್ ಪಕ್ಕ ಕೂತು ಕೇಳಿದೆ, ನೀರಿನ ಸೆಳೆತ ತಿರುಗುವುದು ಹೇಗೆ ಗೊತ್ತಾಗುತ್ತದೆ ಅಂತ. ಲಂಗರಿನ ಹಗ್ಗ ನೋಡುತ್ತಿರು ಎಂದರು. ಹಗ್ಗ ನೀರು ಸೇರುವ ಜಾಗದಲ್ಲಿ ಒಂದು ಸಣ್ಣ ಸೀಳು ಇರುತ್ತದೆ, ಹೊಲದ ಸಾಲಿನ ಹಾಗೆ. ಅದು ಮೆಲ್ಲಗೆ ಚಿಕ್ಕದಾಗುತ್ತಾ ಬಂತು. ಆಮೇಲೆ ಇಲ್ಲವಾಯಿತು. ಹಗ್ಗ ಸಡಿಲವಾಗಿ ನೇರ ಕೆಳಗೆ ಇಳಿಯಿತು, ದೋಣಿ ಎತ್ತ ತಿರುಗಬೇಕೆಂದು ಯೋಚಿಸುವ ಹಾಗೆ ಒಂದಿಷ್ಟು ಹೊತ್ತು ಸುಮ್ಮನಿತ್ತು. ಯಾರೂ ಮಾತಾಡಲಿಲ್ಲ. ಅಷ್ಟು ದೊಡ್ಡ ಸಮುದ್ರ ದಿಕ್ಕು ಬದಲಿಸುವುದನ್ನು ಒಂದು ಹಗ್ಗದಲ್ಲಿ ನೋಡಿದೆ.

ಲಂಗರು ಎತ್ತಿದೆವು. ಸಂಜೆಯ ಗಾಳಿ ಮತ್ತೆ ಬಂತು, ಸೆಳೆತವೂ ಈಗ ನಮ್ಮ ಕಡೆ. ರೈಡ್ ಪಿಯರ್, ವಿಕ್ಟೋರಿಯಾ ರಾಣಿಯ ಆಸ್ಬೋರ್ನ್ ಹೌಸ್‌ನ ಗೋಪುರಗಳು, ಆಮೇಲೆ ಕೌಸ್. 6.40ಕ್ಕೆ ಗೆರೆ ದಾಟಿದೆವು. ಪಟ್ಟಿಯಲ್ಲಿ ಎಲ್ಲೋ ನಡುವೆ ಬಂದೆವು. ಆ ನಂಬರ್ ಈಗ ನೆನಪಿಲ್ಲ.

ಇನ್ನು ನಿಮ್ಮ ಕೊನೆಯ ಪ್ರಶ್ನೆ. ಹೌದು, ಹೋಗಬಹುದು, ಆದರೆ ಸ್ಕಿಪ್ಪರ್ ಅನುಭವಿ ಆಗಿರಬೇಕು, ಮತ್ತು ಅದೇ ದೋಣಿಯಲ್ಲಿ, ಅದೇ ಜನರೊಂದಿಗೆ ಕನಿಷ್ಠ ನಾಲ್ಕೈದು ದಿನ ಅಭ್ಯಾಸ ಮಾಡಿರಬೇಕು. ನನ್ನ ಸ್ಪಿನಾಕರ್ ತಿರುಚಿದ್ದು ಅಭ್ಯಾಸ ಸಾಲದೇ. ಜೂನ್ ಬಿಸಿಲು ಅಂತ ನಂಬಬೇಡಿ, ನೀರು ಕುಡಿದ ಬಟ್ಟೆ ಮೈ ನಡುಗಿಸುತ್ತದೆ. ಮಳೆಬಟ್ಟೆ, ಕೈಗವಸು, ಒಣ ಬಟ್ಟೆಯ ಇನ್ನೊಂದು ಜೊತೆ ಇರಲಿ. ಲೈಫ್ ಜಾಕೆಟ್ ಬೆಳಗಿನಿಂದ ಕೊನೆಯವರೆಗೂ ಮೈಮೇಲೇ ಇರಲಿ. ವಾಂತಿ ಬರುವವರಾದರೆ ಮಾತ್ರೆಯನ್ನು ಹೊರಡುವ ಮುಂಚೆಯೇ ತೆಗೆದುಕೊಳ್ಳಿ, ಹರ್ಸ್ಟ್ ಹತ್ತಿರ ಬಂದ ಮೇಲೆ ಪ್ರಯೋಜನ ಇಲ್ಲ.

ಹಿಂದಿನ ದಿನ ಸಂಜೆ ಸ್ಕಿಪ್ಪರ್ ಜೊತೆ ಕೂತು ಉಬ್ಬರ ಇಳಿತದ ಪಟ್ಟಿ ತೆಗೆದು, ಸೆಳೆತ ಎಲ್ಲಿ ಎಷ್ಟು ಹೊತ್ತಿಗೆ ತಿರುಗುತ್ತದೆ ಅಂತ ನಕ್ಷೆಯ ಮೇಲೆ ಪೆನ್ಸಿಲ್‌ನಲ್ಲಿ ಗುರುತು ಹಾಕಿ. ನಾವು ರೈಡ್ ಹತ್ತಿರ 4.30 ಎಂದು ಬರೆದಿದ್ದೆವು. ಹಗ್ಗ ಸಡಿಲವಾದದ್ದು 4.20ಕ್ಕೆ.