ಕಫ್‌ನ ಒತ್ತಡ: ಅನುಭವಿ ಕೈ ಸಾಕೇ?

ಪ್ರಶ್ನೆ: ನಾನು ಐಸಿಯುನಲ್ಲಿ ನರ್ಸ್. ಉಸಿರಾಟದ ಕೊಳವೆಯ ಸುತ್ತ ಶ್ವಾಸನಾಳದೊಳಗೆ ಗಾಳಿ ತುಂಬಿ ಉಬ್ಬಿಸುವ ಚೀಲವೇ ಕಫ್. ಅದಕ್ಕೆ ಜೋಡಿಸಿದ, ಹೊರಗಿರುವ ಪುಟ್ಟ ಪೈಲಟ್ ಬಲೂನನ್ನು ಬೆರಳಲ್ಲಿ ಒತ್ತಿ ನೋಡಿಯೇ ನಮ್ಮ ಹಿರಿಯರು ಕಫ್‌ನ ಒತ್ತಡ ಸರಿಯಿದೆ ಎನ್ನುತ್ತಾರೆ. ವರ್ಷಗಟ್ಟಲೆ ಪಳಗಿದ ಕೈಗೆ ಅಷ್ಟು ತಿಳಿಯುವುದಿಲ್ಲವೇ?

ಉತ್ತರ: ತಿಳಿಯುವುದಿಲ್ಲ. ಬೆರಳಿಗೆ ಸಿಗುವುದು ಬಲೂನಿನ ಬಿಗಿ ಮಾತ್ರ. ಬಲೂನಿನ ಗಾತ್ರ, ಪ್ಲಾಸ್ಟಿಕ್ಕಿನ ದಪ್ಪ ಬೇರೆಯಾದರೆ ಒತ್ತಡ ಒಂದೇ ಇದ್ದರೂ ಬಿಗಿ ಬೇರೆಯೇ ಅನಿಸುತ್ತದೆ. ಇನ್ನೊಂದು ವಿಷಯ: ಕೈ ಪಳಗಬೇಕಾದರೆ ಅಂದಾಜು ತಪ್ಪಿದಾಗ ಅದು ಗೊತ್ತಾಗಬೇಕು. ಒತ್ತಿ ನೋಡಿ ಮುಂದಿನ ಹಾಸಿಗೆಗೆ ಹೋದವರಿಗೆ ನಿಜವಾದ ಅಂಕಿ ಕಾಣುವುದೇ ಇಲ್ಲ, ತಿದ್ದಿಕೊಳ್ಳುವುದೆಲ್ಲಿಂದ? ಒತ್ತಡ ಅಳೆಯುವ ಮ್ಯಾನೋಮೀಟರಿನೊಂದಿಗೆ ಹೋಲಿಸಿ ನೋಡಿದ ಹಲವು ಅಧ್ಯಯನಗಳಲ್ಲಿ ಅನುಭವಿಗಳೂ ಹೊಸಬರಷ್ಟೇ ತಪ್ಪಿದ್ದಾರೆ.

ಇರಬೇಕಾದ ಒತ್ತಡ 20ರಿಂದ 30 ಸೆಂಟಿಮೀಟರ್ ನೀರಿನಷ್ಟು. ಕೆಳಗಿಳಿದರೆ ಗಂಟಲಲ್ಲಿ ನಿಂತ ಜೊಲ್ಲು ಕಫ್‌ನ ಪಕ್ಕದಿಂದ ಜಿನುಗಿ ಶ್ವಾಸಕೋಶ ಸೇರುತ್ತದೆ, ನ್ಯುಮೋನಿಯಾಕ್ಕೆ ದಾರಿಯಾಗುತ್ತದೆ. 30 ದಾಟಿದರೆ ಶ್ವಾಸನಾಳದ ಒಳಪೊರೆಗೆ ರಕ್ತ ಹರಿಯುವುದು ಕುಗ್ಗುತ್ತದೆ. ಹಾಗೇ ಬಿಟ್ಟರೆ ಹುಣ್ಣಾಗಿ, ಮುಂದೆ ನಾಳವೇ ಕಿರಿದಾಗಬಹುದು. ನಿಮ್ಮ ಮೀಟರ್ ಪಾದರಸದ ಮಿಲಿಮೀಟರಿನಲ್ಲಿ ತೋರಿಸುತ್ತದೆಯೇ ಎಂದು ನೋಡಿಕೊಳ್ಳಿ. ಹಾಗಿದ್ದರೆ ಮಿತಿ ಸುಮಾರು 15ರಿಂದ 22.

ಪ್ರಶ್ನೆ: ಮ್ಯಾನೋಮೀಟರ್ ಹಚ್ಚಿದಾಗಲೆಲ್ಲ ಒತ್ತಡ ಕಡಿಮೆ ತೋರಿಸುತ್ತದೆ. ಕಫ್ ಸೋರುತ್ತಿದೆಯೇ?

ಉತ್ತರ: ಸೋರುತ್ತಲೇ ಇರಬೇಕೆಂದಿಲ್ಲ. ಮೀಟರಿನ ನಳಿಕೆಯನ್ನು ಸೇರಿಸಿದ ಕ್ಷಣ ಕಫ್‌ನ ಗಾಳಿ ಸ್ವಲ್ಪ ಅದರೊಳಗೆ ಹೋಗುತ್ತದೆ. ಅಂದರೆ ಅಳೆಯುವ ಕೆಲಸವೇ ಒತ್ತಡವನ್ನು ಇಳಿಸುತ್ತದೆ. ಆಗ ಜೊಲ್ಲು ಜಿನುಗದಂತೆ ಮೊದಲು ಬಾಯಿ, ಗಂಟಲು ಸಕ್ಷನ್ ಮಾಡಿ, ಅಂದರೆ ಜೊಲ್ಲು ಹೀರಿ ತೆಗೆಯಿರಿ. ನಂತರ ಮೀಟರ್ ಸೇರಿಸಿ, ಅದು ಸೇರಿರುವಾಗಲೇ ಗಾಳಿ ತುಂಬಿ 25 ಸೆಂಟಿಮೀಟರ್ ನೀರಿನ ಆಸುಪಾಸಿಗೆ ತನ್ನಿ. ವೆಂಟಿಲೇಟರ್ ಗಾಳಿ ತಳ್ಳಿದಾಗ ಮುಳ್ಳು ಮೇಲೇಳುತ್ತದೆ. ಉಸಿರು ಹೊರಬಿಟ್ಟ ಕೊನೆಯಲ್ಲಿ ಓದಿ. ಬಿಡಿಸುವಾಗ ತಡವರಿಸದೆ ನೇರವಾಗಿ ಎಳೆಯಿರಿ, ಓರೆಯಾದರೆ ವಾಲ್ವ್ ಗಾಳಿ ಬಿಡುತ್ತದೆ. ಖಾತ್ರಿಗೆಂದು ಮತ್ತೆ ಮತ್ತೆ ಹಚ್ಚಬೇಡಿ.

ಪ್ರತಿ ಪಾಳಿಯಲ್ಲೂ, ರೋಗಿಯನ್ನು ಮಗ್ಗುಲು ತಿರುಗಿಸಿದ ಮೇಲೂ, ಕೊಳವೆ ಸರಿಸಿದ ಮೇಲೂ ಅಳೆಯಿರಿ. ಶಸ್ತ್ರಚಿಕಿತ್ಸೆಯಲ್ಲಿ ನೈಟ್ರಸ್ ಆಕ್ಸೈಡ್ ಎಂಬ ಅರಿವಳಿಕೆ ಅನಿಲ ಕೊಡುತ್ತಿದ್ದರೆ ಅದು ಕಫ್‌ನೊಳಗೆ ನುಸುಳಿ ಒತ್ತಡ ಏರಿಸುತ್ತದೆ, ಅಲ್ಲೂ ಕಣ್ಣಿಡಿ.

ಇಷ್ಟಾದರೂ ಒತ್ತಡ ಇಳಿಯುತ್ತಲೇ ಇದ್ದರೆ ಗಾಳಿ ತುಂಬುತ್ತಾ ಕೂರಬೇಡಿ. ವಾಲ್ವ್ ಸೋರಬಹುದು, ಕಫ್ ಹರಿದಿರಬಹುದು. ಒತ್ತಡ ಇಳಿಯದೆ ನಿಂತರೂ ಪಕ್ಕದಿಂದ ಗಾಳಿಯ ಸದ್ದು ಬರುತ್ತಿದ್ದರೆ ಕೊಳವೆ ಮೇಲೆ ಸರಿದು ಕಫ್ ಧ್ವನಿಪೆಟ್ಟಿಗೆಗೆ ಬಂದಿರಬಹುದು. ಹಲ್ಲಿನ ಬಳಿಯ ಸೆಂಟಿಮೀಟರ್ ಗುರುತು ಬದಲಾಗಿದೆಯೇ ನೋಡಿ, ವೈದ್ಯರನ್ನು ಕೂಡಲೇ ಕರೆಯಿರಿ.