ಆಟಿಸಂ ಈಗ ಯಾಕೆ ಇಷ್ಟು ಜಾಸ್ತಿ ಕಾಣಿಸುತ್ತಿದೆ?

ಮೊದಲು ಅಪರೂಪವಾಗಿದ್ದ ಆಟಿಸಂ (ಇತರರೊಂದಿಗೆ ಬೆರೆಯುವ, ಮಾತಾಡುವ ರೀತಿ ಚಿಕ್ಕಂದಿನಿಂದಲೇ ಬೇರೆಯಾಗಿರುವ ಸ್ಥಿತಿ) ಈಗ ಯಾಕೆ ಇಷ್ಟೊಂದು ಮಕ್ಕಳಲ್ಲಿ ಕಾಣಿಸುತ್ತಿದೆ ಎಂದು ಕೇಳಿದ್ದೀರಿ. ಮುಖ್ಯ ಕಾರಣ, ಅದನ್ನು ಗುರುತಿಸುವ ರೀತಿಯೇ ಬದಲಾಗಿರುವುದು.

ಅಮೆರಿಕದ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿಯ ಲೆಕ್ಕ ನೋಡಿ. 2000ರಲ್ಲಿ ಎಂಟು ವರ್ಷದ 150 ಮಕ್ಕಳಲ್ಲಿ ಒಬ್ಬರಿಗೆ ಆಟಿಸಂ ಇತ್ತು. 2022ರಲ್ಲಿ 31ಕ್ಕೆ ಒಬ್ಬರು. ಇಷ್ಟು ಬೇಗ ಮಕ್ಕಳೇ ಬದಲಾಗಿಬಿಟ್ಟರು ಅನ್ನುವುದು ಕಷ್ಟ, ಅಲ್ವಾ? ಮೊದಲು ಮಾತೇ ಬಾರದ, ತೀವ್ರ ತೊಂದರೆಯ ಮಕ್ಕಳನ್ನು ಮಾತ್ರ ಹೆಚ್ಚಾಗಿ ಲೆಕ್ಕಕ್ಕೆ ಹಿಡಿಯುತ್ತಿದ್ದರು. ಅಮೆರಿಕದ ಮನೋವೈದ್ಯರ ಕೈಪಿಡಿಗೆ 1994ರಲ್ಲಿ ಆಸ್ಪರ್ಜರ್, ಅಂದರೆ ಮಾತು, ಬುದ್ಧಿ ಚೆನ್ನಾಗಿದ್ದರೂ ಬೆರೆಯಲು ಕಷ್ಟಪಡುವ ಸ್ಥಿತಿ, ಸೇರಿತು. 2013ರಲ್ಲಿ ಇಂಥವೆಲ್ಲವೂ ಆಟಿಸಂ ಎಂಬ ಒಂದೇ ಹೆಸರಿನಡಿ ಬಂದವು. ಮೊದಲು ಸುಮ್ನೆ 'ಬುದ್ಧಿಮಾಂದ್ಯ' ಅನ್ನಿಸಿಕೊಳ್ಳುತ್ತಿದ್ದ ಎಷ್ಟೋ ಮಕ್ಕಳಿಗೆ ಈಗ ಸರಿಯಾದ ಹೆಸರು ಸಿಗುತ್ತಿದೆ.

ಹೆಣ್ಣುಮಕ್ಕಳ ವಿಷಯ ನನಗೆ ತುಂಬಾ ಬೇಸರ ತರುತ್ತದೆ. ಗೆಳತಿ ನಕ್ಕಾಗ ನೋಡಿಕೊಂಡು ತಾನೂ ನಗುವ, ಏನು ಮಾತಾಡಬೇಕೆಂದು ಮೊದಲೇ ಮನಸ್ಸಿನಲ್ಲಿ ಬಾಯಿಪಾಠ ಮಾಡಿಕೊಂಡು ತನ್ನ ಆಟಿಸಂ ಮರೆಮಾಚುವ ಹುಡುಗಿಯನ್ನು ಎಲ್ಲರೂ 'ನಾಚಿಕೆ ಸ್ವಭಾವ' ಎಂದು ಬಿಟ್ಟುಬಿಡುತ್ತಿದ್ದರು. ಅಂಥವರು ಮೂವತ್ತು, ನಲವತ್ತು ದಾಟಿದ ಮೇಲೆ ಈಗ ವೈದ್ಯರ ಬಳಿ ಬರುತ್ತಿದ್ದಾರೆ.

ನಿಜವಾಗಿಯೂ ಸ್ವಲ್ಪ ಏರಿಕೆ ಇರಬಹುದು. ತಂದೆ ತಾಯಿಯ ವಯಸ್ಸು ಹೆಚ್ಚಾದಂತೆ ಸಾಧ್ಯತೆ ತುಸು ಹೆಚ್ಚುತ್ತದೆ. ತೀರಾ ಅವಧಿಗೆ ಮುಂಚೆ ಹುಟ್ಟಿದ ಶಿಶುಗಳೂ ಈಗ ಬದುಕುಳಿಯುತ್ತಿವೆ, ಅವುಗಳಲ್ಲೂ ಸಾಧ್ಯತೆ ಜಾಸ್ತಿ.

ಲಸಿಕೆ ಕಾರಣವಲ್ಲ. ಆ ಭಯ ಹುಟ್ಟಿಸಿದ 1998ರ ಪ್ರಬಂಧವನ್ನು ಅದನ್ನು ಪ್ರಕಟಿಸಿದ್ದ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯೇ 2010ರಲ್ಲಿ ಹಿಂತೆಗೆದುಕೊಂಡಿತು. ಡೆನ್ಮಾರ್ಕ್‌ನಲ್ಲಿ ಆರೂವರೆ ಲಕ್ಷ ಮಕ್ಕಳನ್ನು ಗಮನಿಸಿದ ಅಧ್ಯಯನದಲ್ಲೂ ಎಂಎಂಆರ್ (ದಡಾರ, ಮಂಗನಬಾವು, ರುಬೆಲ್ಲಾ ತಡೆಯುವ) ಲಸಿಕೆಗೂ ಆಟಿಸಂಗೂ ನಂಟು ಕಾಣಲಿಲ್ಲ. ದಯವಿಟ್ಟು ಮಗುವಿಗೆ ಲಸಿಕೆ ತಪ್ಪಿಸಬೇಡಿ.