ಪ್ರೈವೇಟ್ ಮೆಥಡ್ ಮಾಕ್ ಮಾಡುವುದು ಹೇಗೆ?

ನಿಮ್ಮ ಜಾವಾ ಇನ್‌ವಾಯ್ಸ್ ಕ್ಲಾಸಿನ ಒಂದು ಪ್ರೈವೇಟ್ ಮೆಥಡ್ ಹೊರಗಿನ ಸರ್ವರ್‌ನಿಂದ ಡಾಲರ್ ದರ ತರುತ್ತದೆ, ಟೆಸ್ಟಿನಲ್ಲಿ ಅದೊಂದನ್ನೇ ಮಾಕ್ ಮಾಡಬೇಕು (ನಿಜವಾದ ಮೆಥಡ್ ಬದಲು ನಕಲಿ ಉತ್ತರ ಕೊಡಿಸಬೇಕು), ಮಾಕ್ ಮಾಡಲು ಬಳಸುವ ಮೊಕಿಟೊ ಲೈಬ್ರರಿಯಲ್ಲಿ ದಾರಿ ಕಾಣುತ್ತಿಲ್ಲ ಎಂದು ಕೇಳಿದ್ದೀರಿ. ಕಾಣದಿರುವುದು ನಿಮ್ಮ ತಪ್ಪಲ್ಲ. ಆ ಸೌಲಭ್ಯವನ್ನು ಮೊಕಿಟೊದವರು ಬೇಕೆಂದೇ ಕೊಟ್ಟಿಲ್ಲ. ಹುಡುಕುತ್ತಾ ಹೋದರೆ ಪವರ್‌ಮಾಕ್ ಎಂಬ ಇನ್ನೊಂದು ಲೈಬ್ರರಿ ಸಿಗುತ್ತದೆ, ಬೈಟ್‌ಕೋಡನ್ನೇ (ಕಂಪೈಲ್ ಆದ ಕೋಡನ್ನೇ) ತಿದ್ದಿ ಕೆಲಸ ಮಾಡಿಕೊಡುತ್ತದೆ. ದಯವಿಟ್ಟು ಆ ಕಡೆ ಹೋಗಬೇಡಿ.

ನಾನು ಹಿಂದೆ ಕೆಲಸ ಮಾಡುತ್ತಿದ್ದಲ್ಲಿ ಹೆಚ್ಚುಕಡಿಮೆ ಇಂಥದ್ದೇ ಕ್ಲಾಸ್ ಇತ್ತು. ಪವರ್‌ಮಾಕ್‌ನಲ್ಲಿ ಪ್ರೈವೇಟ್ ಮೆಥಡ್‌ನ ಹೆಸರನ್ನು ಬರೀ ಸ್ಟ್ರಿಂಗ್ ಆಗಿ ಬರೆಯಬೇಕು: "ಗೆಟ್‌ರೇಟ್" ಅಂತ. ಒಂದು ಸಂಜೆ ಆ ಮೆಥಡ್‌ಗೆ ಅರ್ಥವಾಗುವಂಥ ಹೆಸರಿಟ್ಟೆ. ಕಂಪೈಲರ್ ತುಟಿಪಿಟಕ್ಕೆನ್ನಲಿಲ್ಲ. ಟೆಸ್ಟ್ ಓಡಿಸಿದರೆ ಪರದೆ ತುಂಬ ಕೆಂಪು! ಲೆಕ್ಕದಲ್ಲಿ ಒಂದು ಪೈಸೆ ವ್ಯತ್ಯಾಸವಾಗಿರಲಿಲ್ಲ, ಕೆಟ್ಟಿದ್ದು ಟೆಸ್ಟ್‌ಗಳು ಮಾತ್ರ. ಆಮೇಲೆ ಜಾವಾ 17ಕ್ಕೆ ಏರುವಾಗ ಇನ್ನೊಂದು ಸುತ್ತು ಕಾಟ. ಜೆಡಿಕೆಯ (ಜಾವಾದ ಮೂಲ ಕಿಟ್‌ನ) ಒಳಭಾಗಕ್ಕೆ ರಿಫ್ಲೆಕ್ಷನ್ ಮೂಲಕ, ಅಂದರೆ ಪ್ರೋಗ್ರಾಂ ಓಡುವಾಗಲೇ ಕ್ಲಾಸಿನೊಳಗೆ ಇಣುಕಿ, ಕೈಹಾಕುವುದನ್ನು ಆ ಆವೃತ್ತಿ ಬಿಗಿಯಾಗಿ ತಡೆಯುತ್ತದೆ, ಪವರ್‌ಮಾಕ್‌ನ 2.0.9 ಬಂದದ್ದು ಅದಕ್ಕೂ ಮೊದಲೇ, 2020ರಲ್ಲಿ, ಜಾವಾ 17 ಬಂದದ್ದು 2021ರಲ್ಲಿ.

ನಿಮ್ಮ ಕ್ಲಾಸ್ ಎರಡು ಕೆಲಸ ಹೊತ್ತುಕೊಂಡಿದೆ. ಬಿಲ್ ಲೆಕ್ಕ ಹಾಕುವುದು ಅದರದ್ದು, ಸರ್ವರ್ ಬಾಗಿಲು ತಟ್ಟುವುದು ಅದರದ್ದಲ್ಲ. ಆ ಪ್ರೈವೇಟ್ ಮೆಥಡ್ ಅನ್ನು ಕಿತ್ತು "ರೇಟ್‌ಸೋರ್ಸ್" ಎಂಬ ಇಂಟರ್‌ಫೇಸ್ ಮಾಡಿ, ಇನ್‌ವಾಯ್ಸ್‌ಗೆ ಕನ್‌ಸ್ಟ್ರಕ್ಟರ್ ಮೂಲಕ ಕೊಡಿ. ನೆಟ್‌ವರ್ಕ್ ಕೋಡ್ ಅದರ ಒಂದು ಇಂಪ್ಲಿಮೆಂಟೇಶನ್ ಒಳಗೆ ಹೋಗಲಿ. ಇಂಟರ್‌ಫೇಸಿನಲ್ಲಿ ಒಂದೇ ಮೆಥಡ್ ಇರುವುದರಿಂದ ಟೆಸ್ಟಿನಲ್ಲಿ ಮೊಕಿಟೊ ಕೂಡ ಬೇಡ. 83.50 ಹಿಂದಿರುಗಿಸುವ ಒಂದು ಸಾಲಿನ ಲ್ಯಾಂಬ್ಡಾ (ಹೆಸರಿಲ್ಲದ ಪುಟ್ಟ ಫಂಕ್ಷನ್) ಸಾಕು. 100 ಡಾಲರ್ ಬಿಲ್ಲಿಗೆ 8,350 ರೂಪಾಯಿ ಬಂತೇ ನೋಡಿ. ನನಗೆ ಈ ಬದಲಾವಣೆಗೆ ಅರ್ಧ ದಿನ ಹಿಡಿಯಿತು. ದರ ಸಿಗದೇ ಹೋದರೆ ಬಿಲ್ ಏನಾಗಬೇಕು ಎಂಬ ಟೆಸ್ಟನ್ನೂ ಅವತ್ತೇ ಬರೆದೆ, ಅದುವರೆಗೆ ಯಾರೂ ಬರೆದಿರಲಿಲ್ಲ.

ಹಳೇ ಕೋಡು, ಈ ವಾರ ಅಷ್ಟು ಬಿಚ್ಚಲು ಆಗದು ಎಂದಾದರೆ ತಾತ್ಕಾಲಿಕವಾಗಿ "ಪ್ರೈವೇಟ್" ಪದ ಅಳಿಸಿ ಮೆಥಡ್ ಅನ್ನು ಪ್ಯಾಕೇಜ್ ಮಟ್ಟಕ್ಕೆ ತನ್ನಿ, ಅದೇ ಪ್ಯಾಕೇಜಿನಲ್ಲಿ ಟೆಸ್ಟ್ ಇಟ್ಟು ಮೊಕಿಟೊ ಸ್ಪೈ ಬಳಸಿ, ಅದು ನಿಜವಾದ ಆಬ್ಜೆಕ್ಟನ್ನೇ ಇಟ್ಟುಕೊಂಡು ನೀವು ಹೇಳಿದ ಮೆಥಡ್‌ಗೆ ಮಾತ್ರ ನಕಲಿ ಉತ್ತರ ಕೊಡುತ್ತದೆ. ಆಗ "ವೆನ್" ಇಂದ ಶುರುಮಾಡಬೇಡಿ, ಅದರ ಆವರಣದೊಳಗೆ ಬರೆದ ಕರೆ ನಿಜವಾದ ಮೆಥಡ್ ಅನ್ನೇ ಓಡಿಸಿ ಸರ್ವರ್‌ಗೆ ಹೋಗಿಬಿಡುತ್ತದೆ. "ಡುರಿಟರ್ನ್" ಇಂದ ಶುರುಮಾಡಿ.